ಹೂಮಳೆ ಬಿದ್ದ ಒಂಬತ್ತನೇ ದಿನ

ಕಾಫಿ ಹೂ ನೋಡಬೇಕೆಂದು ಬಳ್ಳಾರಿಯಿಂದ ಚಿಕ್ಕಮಗಳೂರಿಗೆ ಹೊರಟದ್ದು ಮಾರ್ಚ್ ಕೊನೆಯಲ್ಲಿ. ಹೂ ಕಂಡದ್ದು ಏಪ್ರಿಲ್ 11ಕ್ಕೆ, ಎರಡನೇ ಸಲ ಹೋದಾಗ. ಮೊದಲ ಸಲ ಸಿಕ್ಕಿದ್ದು ಬಿಸಿಲಿಗೆ ಬಾಡಿ ಜೋತುಬಿದ್ದ ಗಿಡಗಳು, ಮತ್ತೆ ಒಂದು ಮಳೆ ಪುಸ್ತಕ.

ಹೊಟ್ಟೆಯುರಿಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೋಣೆ ಹಿಡಿಯುವಾಗ ವಸತಿಯವರು ಫೋನಿನಲ್ಲಿ, "ಮಾರ್ಚ್ ಅಂದ್ರೆ ಹೂವಿನ ಸೀಸನ್ನೇ ಮೇಡಂ, ಯಾವತ್ತು ಬಂದ್ರೂ ಇರುತ್ತೆ" ಎಂದಿದ್ದರು. ಹೋಗಿ ನೋಡಿದರೆ ಒಂದು ಹೂವೂ ಇಲ್ಲ. "ಮಳೆ ಬರ್ಲಿಲ್ಲ, ನಾವೇನ್ ಮಾಡೋಣ" ಎಂದರು. ಉಳಿದ ಎರಡು ದಿನದ ಮುಂಗಡ ಹಿಂದಿರುಗಿಸಲಿಲ್ಲ. ಹೋಗುವವರು ದಯವಿಟ್ಟು ಕ್ಯಾಲೆಂಡರ್ ನೋಡಿ ಹೊರಡಬೇಡಿ. ಆ ಕಡೆಯ ತೋಟದವರು ಯಾರಾದರೂ ಪರಿಚಯವಿದ್ದರೆ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಯಾವತ್ತು ಬಿತ್ತು, ಎಷ್ಟು ಬಿತ್ತು ಎಂದು ಕೇಳಿ. ಅಲ್ಲಿಂದ ಒಂಬತ್ತನೆಯದೋ ಹತ್ತನೆಯದೋ ದಿನಕ್ಕೆ ಹೋಗಿ. ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ. ಆಲ್ದೂರಿಗೆ ಬಿದ್ದ ಮಳೆ ಅದೇ ಸೀಮೆಯ ಮಲ್ಲಂದೂರಿಗೂ ಬಿದ್ದಿರುತ್ತದೆ ಎಂದುಕೊಳ್ಳಲೂಬೇಡಿ.

ಹೂ ಇಲ್ಲವೆಂದು ಮೊದಲ ದಿನ ಮುಳ್ಳಯ್ಯನಗಿರಿಗೆ ಹೋದೆವು, ನಾನು ಮತ್ತು ತಂಗಿ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಆದರೆ ಅವತ್ತು ಅಲ್ಲಿ ಗಾಳಿಗಿಂತ ಜೀಪಿನ ಹಾರನ್ನೇ ಹೆಚ್ಚು ಕೇಳಿಸಿತು. ಬೇಗ ಇಳಿದುಬಿಟ್ಟೆವು.

ಮರುದಿನ ಬೆಳಿಗ್ಗೆ ಆಲ್ದೂರಿನಾಚೆ ಒಂದು ತೋಟದ ರಸ್ತೆಯಲ್ಲಿ ನಡೆಯುತ್ತಿದ್ದಾಗ, ಬೇಲಿಯೊಳಗೆ ವಯಸ್ಸಾದವರೊಬ್ಬರು ನೆಲದಲ್ಲಿ ನೆಟ್ಟ ಡಬ್ಬಿಯೊಂದರ ಮುಚ್ಚಳ ತೆಗೆದು ಒಳಗಿನ ಬಾಟಲಿ ಎತ್ತಿ ನೋಡುತ್ತಿದ್ದರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. "ಮಳೇನೇ ಇಲ್ಲ, ಏನ್ ಅಳೀತೀರಿ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಅನ್ನೋದನ್ನೂ ಬರೀಬೇಕಲ್ಲಮ್ಮ" ಎಂದರು.

ಅವರು ಆ ತೋಟದ ರೈಟ್ರು, ಲೆಕ್ಕ ಬರೆಯುವವರು. ಮಳೆ ಬರಲಿ ಬಿಡಲಿ, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯುತ್ತಾರೆ. ಲೆಕ್ಕ ಈಗಲೂ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ನನ್ನ ಆಸೆ ನೋಡಿ ಕಚೇರಿಯ ಜಗಲಿಯಲ್ಲಿ ಕೂರಿಸಿ ಹಳೇ ಪುಸ್ತಕಗಳನ್ನು ಮುಂದಿಟ್ಟರು. ಆ ಬೆಳಿಗ್ಗೆ ಪೂರ್ತಿ ಅಲ್ಲೇ ಕಳೆಯಿತು.

ನಮ್ಮೂರಲ್ಲಿ ಕಾಲ ಎಂದರೆ ಬಿಸಿಲು, ಹೆಚ್ಚು ಬಿಸಿಲು. ಇಲ್ಲಿನ ವರ್ಷ ಹೇಗಿರುತ್ತದೆಂಬುದು ಆ ಹಾಳೆಗಳಲ್ಲಿ ಓದದೆಯೇ ಕಾಣುತ್ತಿತ್ತು. ಜನವರಿ ಪುಟದ ತುಂಬ ಮೇಲಿಂದ ಕೆಳಗೆ "ನಿಲ್, ನಿಲ್, ನಿಲ್", ಮಳೆ ಇಲ್ಲ ಎಂದು. ಫೆಬ್ರವರಿಯೂ ಹಾಗೇ. ಮಾರ್ಚ್, ಏಪ್ರಿಲ್‌ನಲ್ಲಿ ನಡುನಡುವೆ ಒಂದೊಂದು ಅಂಕಿ, ಅದರ ಸುತ್ತ ಕೆಂಪು ಶಾಯಿಯ ವೃತ್ತ. ಜೂನ್ ಮೊದಲ ವಾರ ದಾಟುತ್ತಿದ್ದಂತೆ ಸಾಲು ಸಾಲು ಅಂಕಿ. ಜುಲೈ ಹಾಳೆಗಳು ತೇವಕ್ಕೆ ಉಬ್ಬಿ, ಶಾಯಿ ಹರಡಿ, ಪುಸ್ತಕ ಅಲ್ಲೇ ದಪ್ಪಗಾಗಿತ್ತು. ಜೋರು ಮಳೆಯಲ್ಲಿ ಬಾಟಲಿ ತುಂಬಿ ಹೋಗುತ್ತದೆಂದು ಎರಡು ಸಲ ಅಳೆಯುತ್ತಾರಂತೆ. 2019ರ ಆಗಸ್ಟ್ ಪುಟ ಬಂದಾಗ ರೈಟ್ರು ಮಾತಾಡಲಿಲ್ಲ. ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದ ತಿಂಗಳು ಅದು. ಹಾಳೆ ಮಗುಚಿದರು.

"ಈ ಕೆಂಪು ಸುತ್ತು ಯಾಕ್ರೀ?" ಎಂದೆ.

"ಹೂಮಳೆ ಅಮ್ಮ. ಜುಲೈಲಿ ನೂರು ಇಂಚು ಬಂದ್ರೂ ಈ ಒಂದು ಇಂಚಿಗೆ ಸಮ ಇಲ್ಲ."

ಮಳೆಗಾಲ ಮುಗಿದ ಮೇಲೆ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಕಟ್ಟುತ್ತದೆ. ಚಳಿ, ಒಣಹವೆಯಲ್ಲಿ ಅಕ್ಕಿಕಾಳಿನಷ್ಟಾಗಿ ನಿದ್ದೆ ಹೋಗುತ್ತದೆ. ಆ ಒಣಗುವಿಕೆಯೂ ಬೇಕಂತೆ. ಚೆನ್ನಾಗಿ ಬಾಯಾರಿದ ಗಿಡಕ್ಕೆ ಒಮ್ಮೆಲೇ ಒಂದು ಇಂಚು ಬಿದ್ದರೆ ಎಲ್ಲ ಮೊಗ್ಗೂ ಒಟ್ಟಿಗೆ ಎಚ್ಚರಾಗುತ್ತವೆ. ಹತ್ತೋ ಹದಿನೈದೋ ಸೆಂಟು ಉದುರಿ ನಿಂತರೆ ಅರ್ಧ ಎಚ್ಚರಾಗಿ ಒಣಗುತ್ತವೆ. ರೊಬಸ್ಟಾಕ್ಕಾದರೆ ಹೊಂಡದ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸುವವರಿದ್ದಾರೆ. ಇವರದು ಅರೇಬಿಕಾ, ಮಳೆಯನ್ನೇ ನಂಬಿದ್ದು. ಹೂವಾದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲಲು. ಅದಕ್ಕೆ ಬ್ಯಾಕಿಂಗ್ ಎನ್ನುತ್ತಾರೆ.

ಬಳ್ಳಾರಿ ಇಲ್ಲಿಂದ ಉತ್ತರಕ್ಕಿರುವುದು ಎರಡು ಡಿಗ್ರಿ ಅಕ್ಷಾಂಶಕ್ಕಿಂತ ಕಡಿಮೆ. ಇಬ್ಬರ ನೆತ್ತಿಯ ಮೇಲೂ ವರ್ಷಕ್ಕೆ ಎರಡು ಸಲ ಅದೇ ಸೂರ್ಯ ನೆಟ್ಟಗೆ ನಿಲ್ಲುತ್ತಾನೆ. ಚಿಕ್ಕಮಗಳೂರಿಗೆ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. "ಆಗಸ್ಟ್‌ನಲ್ಲಿ ಸೂರ್ಯ ಎಲ್ಲಿರ್ತಾನೋ ಯಾರಿಗ್ ಗೊತ್ತು, ನಾವು ಕಂಬಳಿಯೊಳಗೆ" ಎಂದರು ರೈಟ್ರು. ಪೇಟೆ ಇರುವುದೇ ಸುಮಾರು 1,090 ಮೀಟರ್ ಎತ್ತರದಲ್ಲಿ, ಪಡುವಣ ಮೋಡಕ್ಕೆ ಎದುರು ನಿಂತ ಘಟ್ಟದ ಮಗ್ಗುಲಿಗೆ. ನಲವತ್ತು ಕಿಲೋಮೀಟರ್ ಈಶಾನ್ಯಕ್ಕೆ ಕಡೂರಿಗೆ ಇಳಿದರೆ ಅದೇ ಮೋಡ ಬರಿಗೈಲಿ ಬರುತ್ತದೆ. ಬಸ್ಸಿನಲ್ಲಿ ಬರುವಾಗ ಒಣ ತೆಂಗಿನ ತೋಟಗಳು ಕಳೆದು, ಸಖರಾಯಪಟ್ಟಣ ದಾಟಿ, ಕಿಟಕಿಯ ಗಾಳಿ ತಣ್ಣಗಾದದ್ದಕ್ಕೆ ಆಗ ಅರ್ಥ ಸಿಕ್ಕಿತು.

ಹೊರಡುವಾಗ ರೈಟ್ರು ನನ್ನ ನಂಬರ್ ಬರೆದುಕೊಂಡರು. ಏಪ್ರಿಲ್ 3ರ ಬೆಳಿಗ್ಗೆ ಫೋನ್ ಬಂತು. "ರೇವತಿ ಮಳೆ ಅಮ್ಮ, ನಿನ್ನೆ ಸಂಜೆ. ಒಂದು ಇಂಚು ಇಪ್ಪತ್ತು. ಹನ್ನೊಂದಕ್ಕೆ ಬನ್ನಿ."

ಹೋದೆ. ತಂಗಿಗೆ ರಜೆ ಸಿಗಲಿಲ್ಲ. ತೋಟದ ಗೇಟಿಗೆ ಇನ್ನೂ ದೂರವಿರುವಾಗಲೇ ಮಲ್ಲಿಗೆಯಂಥ ಘಮ ಮುಖಕ್ಕೆ ಬಡಿಯಿತು. ಮಲ್ಲಿಗೆಗಿಂತ ತುಸು ಹಸಿ, ಜೇನು ಬೆರೆತಂತೆ. ಸಿಲ್ವರ್ ಮರಗಳ ನೆರಳಿನಲ್ಲಿ, ಎರಡು ವಾರದ ಹಿಂದೆ ಜೋತುಬಿದ್ದಿದ್ದ ಅವೇ ಗಿಡಗಳು, ರೆಂಬೆ ರೆಂಬೆಗೂ ದಂಡೆ ಕಟ್ಟಿದ ಹಾಗೆ ಬೆಳ್ಳಗೆ. ಜೇನಿನ ಸದ್ದು ಎಷ್ಟಿತ್ತೆಂದರೆ ಮೊದಲು ದೂರದಲ್ಲಿ ಮೋಟರು ಓಡುತ್ತಿದೆ ಎಂದುಕೊಂಡಿದ್ದೆ. ನಿಂತಲ್ಲೇ ಕಣ್ಣು ತುಂಬಿತು. ಮಳೆಯ ಆಸೆಯಲ್ಲಿ ಆಕಾಶ ನೋಡಿ ನೋಡಿ ಬೆಳೆದ ನೆಲದವಳು ನಾನು. ಒಂದೇ ಸಂಜೆಯ ಮಳೆ ಇಷ್ಟು ಮಾಡಬಲ್ಲದೆಂದು ಕಣ್ಣಾರೆ ಕಂಡದ್ದು ಅವತ್ತೇ.

ರೈಟ್ರ ಮನೆಯಲ್ಲಿ ಕಡುಬು, ಕಾಯಿ ಚಟ್ನಿ. ವಸತಿಯವರ ಹತ್ತು ಬಗೆಯ ತಿಂಡಿಯಲ್ಲಿ ಇಲ್ಲದ ರುಚಿ ಆ ಒಂದರಲ್ಲಿತ್ತು. ಎಂಟೂವರೆಗೆ ಇಬ್ಬರೂ ಹೋಗಿ ಡಬ್ಬಿ ತೆರೆದೆವು. ಬಾಟಲಿ ಒಣಗಿತ್ತು. "ಹೂ ಅರಳಿದ ದಿನ ಮಳೆ ಬೀಳಬಾರ್ದು. ನೀವೇ ಬರೀರಿ" ಎಂದು ಪೆನ್ನು ಕೊಟ್ಟರು. ತಾರೀಖಿನ ಮುಂದೆ "ನಿಲ್" ಎಂದು ಬರೆದೆ.

ಭರಣಿ ಮಳೆ ಹುಟ್ಟಿದ ಮೂರನೇ ದಿನ ಬಳ್ಳಾರಿಯಲ್ಲಿ ಫ್ಯಾನ್ ಕೆಳಗೆ ಬೆವರುತ್ತ ಕೂತು ನಾನೇ ಫೋನ್ ಮಾಡಿದೆ. ಬ್ಯಾಕಿಂಗ್ ಬಂತೇ ಎಂದು ಕೇಳುವ ಮುಂಚೆಯೇ, "ಎಂಬತ್ತು ಸೆಂಟು ಅಮ್ಮ" ಎಂದರು. ನಮ್ಮ ಮನೆಯ ಕ್ಯಾಲೆಂಡರ್ ಮೇಲೆ ಬರೆದು ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ.