ಮೊತ್ತವು ಸಾಮಾನ್ಯ ವಿತರಣೆಗೆ ಎಷ್ಟು ಹತ್ತಿರ?

ಒಂದೇ ವಿತರಣೆಯುಳ್ಳ ಸ್ವತಂತ್ರ ಯಾದೃಚ್ಛಿಕ ಚಲಕಗಳನ್ನು (ಆಕಸ್ಮಿಕವಾಗಿ ಬೆಲೆ ಪಡೆಯುವ ಪರಿಮಾಣಗಳನ್ನು) ಕೂಡುತ್ತ ಹೋದಂತೆ, ಅವುಗಳ ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಚದುರುವಿಕೆಯ ಅಳತೆ) ಪರಿಮಿತವಾಗಿದ್ದರೆ, ಮೊತ್ತದ ವಿತರಣೆಯು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಸಮೀಪಿಸುತ್ತದೆ ಎಂದು ಕೇಂದ್ರೀಯ ಮಿತಿ ಪ್ರಮೇಯ ಹೇಳುತ್ತದೆ. ಆದರೆ ಚಲಕಗಳು ನೂರೇ ಇದ್ದಾಗ ಎಷ್ಟು ಸಮೀಪ ಎಂಬುದನ್ನು ಅದು ಹೇಳುವುದಿಲ್ಲ. ಲೆಕ್ಕ ಹಾಕುವವರಿಗೆ ಬೇಕಾದದ್ದು ಅದೇ. ಮೂವತ್ತು ಇದ್ದರೆ ಸಾಕು ಎಂಬ ರೂಢಿಯ ನಿಯಮವನ್ನು ನಾನು ಒಪ್ಪುವುದಿಲ್ಲ. ದೋಷದ ಪ್ರಮಾಣವು ಚಲಕದ ಸ್ವರೂಪವನ್ನೂ ನಾವು ಆರಿಸಿಕೊಂಡ ಅಳತೆಗೋಲನ್ನೂ ಅವಲಂಬಿಸಿದೆ.

ಗಣಿತಜ್ಞರಾದ ಬೆರಿ 1941ರಲ್ಲಿ, ಎಸೀನ್ 1942ರಲ್ಲಿ ಇದಕ್ಕೊಂದು ಖಚಿತ ಮಿತಿಯನ್ನು ಕೊಟ್ಟರು. ಸರಾಸರಿಯಿಂದ ಚಲಕಕ್ಕಿರುವ ದೂರದ ಘನದ ಸರಾಸರಿಯನ್ನು ಮಾನಕ ವಿಚಲನೆಯ ಘನದಿಂದ ಭಾಗಿಸಿ, ಬಂದದ್ದನ್ನು ಚಲಕಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿದರೆ, ಸಂಚಿತ ಸಂಭವನೀಯತೆಯಲ್ಲಿನ (ಮೊತ್ತವು ಒಂದು ನಿರ್ದಿಷ್ಟ ಬೆಲೆಯನ್ನು ಮೀರದಿರುವ ಸಂಭವನೀಯತೆಯಲ್ಲಿನ) ದೋಷ ಎಲ್ಲಿಯೂ ಅದನ್ನು ಮೀರುವುದಿಲ್ಲ. ಆ ಸ್ಥಿರಾಂಕ 0.4097ಕ್ಕಿಂತ ಕಡಿಮೆ ಇರಲಾರದೆಂದು ಎಸೀನ್ 1956ರಲ್ಲಿ ತೋರಿಸಿದರು. 2011ರಲ್ಲಿ ಶೆವ್ಟ್ಸೋವಾ 0.4748 ಸಾಕೆಂದು ಸಾಧಿಸಿದರು.

ನಾಣ್ಯವನ್ನು ನೂರು ಬಾರಿ ಚಿಮ್ಮಿದಾಗ ಈ ಮಿತಿ 0.0475. ಐವತ್ತು ಅಥವಾ ಅದಕ್ಕಿಂತ ಕಡಿಮೆ ತಲೆಗಳು ಬೀಳುವ ನಿಜವಾದ ಸಂಭವನೀಯತೆ 0.5398, ಸಾಮಾನ್ಯ ವಿತರಣೆ ಕೊಡುವುದು 0.5, ಅಂದರೆ ದೋಷ ಸುಮಾರು 0.04, ಮಿತಿಗೆ ತೀರ ಹತ್ತಿರ. ಮೊತ್ತವು ಪೂರ್ಣಾಂಕಗಳಲ್ಲೇ ಜಿಗಿಯುತ್ತದೆ ಎಂಬುದೇ ಇದಕ್ಕೆ ಕಾರಣ. ಐವತ್ತರ ಬದಲು ಐವತ್ತೂವರೆಯಲ್ಲಿ ಲೆಕ್ಕ ಹಾಕಿದರೆ ದೋಷ 0.00003ರ ಆಸುಪಾಸಿಗೆ ಇಳಿಯುತ್ತದೆ. ಅರ್ಧದಷ್ಟು ಸರಿಸುವ ಇಷ್ಟು ಚಿಕ್ಕ ತಿದ್ದುಪಡಿಯ ಫಲ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ವಿರಳ ಘಟನೆಗಳಲ್ಲಿ ಸ್ಥಿತಿ ಬೇರೆ. ಸಾವಿರ ಪ್ರಯತ್ನಗಳಲ್ಲಿ ಪ್ರತಿಯೊಂದರ ಯಶಸ್ಸಿನ ಸಂಭವನೀಯತೆ 0.002 ಆಗಿದ್ದರೆ, ಬೆರಿ–ಎಸೀನ್ ಮಿತಿ ಸುಮಾರು 0.33ಕ್ಕೆ ಏರಿ ಬಹುತೇಕ ನಿರುಪಯುಕ್ತವಾಗುತ್ತದೆ. ಇಲ್ಲಿ ಸಲ್ಲುವುದು ವಿರಳ ಘಟನೆಗಳ ಎಣಿಕೆಯನ್ನು ವರ್ಣಿಸುವ ಪಾಯ್ಸಾನ್ ವಿತರಣೆ: ಲೆ ಕ್ಯಾಮ್ 1960ರಲ್ಲಿ ಸಾಧಿಸಿದ ಅಸಮಾನತೆಯ ಪ್ರಕಾರ, ಯಾವ ಘಟನೆಯನ್ನು ತೆಗೆದುಕೊಂಡರೂ ದೋಷವು ಈ ಸಂಭವನೀಯತೆಗಳ ವರ್ಗಗಳ ಮೊತ್ತವನ್ನು, ಅಂದರೆ 0.004ನ್ನು ಮೀರದು. ಒಂದೂ ಯಶಸ್ಸು ಸಿಗದಿರುವ ಸಂಭವನೀಯತೆ 0.1351, ಪಾಯ್ಸಾನ್ ಕೊಡುವುದು 0.1353, ಅರ್ಧದ ತಿದ್ದುಪಡಿಯ ನಂತರವೂ ಸಾಮಾನ್ಯ ವಿತರಣೆ ಕೊಡುವುದು 0.144.

ಹೆಚ್ಚು ಎಚ್ಚರ ಬೇಕಾದದ್ದು ವಿತರಣೆಯ ಬಾಲದಲ್ಲಿ, ಅಂದರೆ ಸರಾಸರಿಯಿಂದ ಬಹುದೂರದ ಬೆಲೆಗಳಲ್ಲಿ. ನೂರಕ್ಕೆ ನೂರೂ ತಲೆಗಳೇ ಬೀಳುವ ಸಂಭವನೀಯತೆಯನ್ನು ಸಾಮಾನ್ಯ ವಿತರಣೆಯಿಂದ ಅಂದಾಜಿಸಿದರೆ, ತಿದ್ದುಪಡಿಯ ನಂತರವೂ, ಉತ್ತರ ನಿಜಕ್ಕಿಂತ ಎರಡು ಕೋಟಿಗೂ ಹೆಚ್ಚು ಪಟ್ಟು ದೊಡ್ಡದಾಗಿ ಬರುತ್ತದೆ. ಎರಡೂ ಸಂಖ್ಯೆಗಳು ಅತ್ಯಲ್ಪವಾದ್ದರಿಂದ ಬೆರಿ–ಎಸೀನ್ ಪ್ರಮೇಯಕ್ಕೆ ಇದರಿಂದ ಭಂಗವಿಲ್ಲ. ಅದು ವ್ಯತ್ಯಾಸವನ್ನು ಅಳೆಯುತ್ತದೆ, ಅನುಪಾತವನ್ನಲ್ಲ. ಅಪಾಯದ ಅಂದಾಜಿಗೆ ಬೇಕಾದದ್ದು ಅನುಪಾತ. ಕ್ರಾಮೆರ್ 1938ರಲ್ಲಿ ಆರಂಭಿಸಿದ ಸಿದ್ಧಾಂತದ ಪ್ರಕಾರ, ಬಾಲವು ಸಾಕಷ್ಟು ವೇಗವಾಗಿ ಕ್ಷೀಣಿಸುವ ಚಲಕಗಳಿಗೆ, ಮಾನಕ ವಿಚಲನೆಗಳಲ್ಲಿ ಅಳೆದ ದೂರವು ಚಲಕಗಳ ಸಂಖ್ಯೆಯ ಆರನೆಯ ಮೂಲಕ್ಕಿಂತ ತೀರ ಚಿಕ್ಕದಾಗಿರುವಷ್ಟು ಕಾಲ ಈ ಅನುಪಾತ ಒಂದನ್ನು ಸಮೀಪಿಸುತ್ತದೆ. ಅದರಾಚೆಗೆ ಚಲಕದ ವಿತರಣೆಯಿಂದಲೇ ಲೆಕ್ಕಹಾಕಿದ ಘಾತೀಯ ತಿದ್ದುಪಡಿಯನ್ನು ಸೇರಿಸಬೇಕಾಗುತ್ತದೆ.