ಫಲಕದ ಮೇಲೆ ಯಾರ ಹೆಸರು?

1972ರಲ್ಲಿ ಹ್ಯಾರಿ ಗ್ಯಾಂಬೋವಾ, ಗ್ರಾಂಕ್, ವಿಲ್ಲಿ ಹೆರಾನ್ ಎಂಬ ಮೂವರು ಯುವ ಕಲಾವಿದರು ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಹೊರಗೋಡೆಯ ಮೇಲೆ ತಮ್ಮ ಹೆಸರುಗಳನ್ನು ಸ್ಪ್ರೇ ಬಣ್ಣದಲ್ಲಿ ಬರೆದರು. ಚಿಕಾನೋ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ ಕಲಾವಿದರ ಕೃತಿಗಳು ಇಲ್ಲಿ ಏಕಿಲ್ಲ ಎಂದು ಕೇಳಿದಾಗ, ಆ ಜನ ಜನಪದ ಕಲೆ ಮಾಡುತ್ತಾರೆ, ಇಲ್ಲವೇ ಗ್ಯಾಂಗು ಕಟ್ಟುತ್ತಾರೆ ಎಂಬರ್ಥದ ಉತ್ತರ ಅಲ್ಲಿನ ಕ್ಯುರೇಟರ್ ಒಬ್ಬರಿಂದ ಬಂತೆಂದು ಗ್ಯಾಂಬೋವಾ ಹೇಳಿದ್ದಾರೆ. ಚಿತ್ರಕಾರ ತನ್ನ ಚಿತ್ರದ ಮೂಲೆಯಲ್ಲಿ ಸಹಿ ಹಾಕುವಂತೆ ಅವರು ಇಡೀ ಸಂಗ್ರಹಾಲಯಕ್ಕೇ ಸಹಿ ಹಾಕಿದ್ದರು. ಸಿಬ್ಬಂದಿ ಬೇಗನೆ ಸುಣ್ಣ ಬಳಿದು ಅದನ್ನು ಅಳಿಸಿದರು. ಆದರೆ ಅಷ್ಟರಲ್ಲಿ ಗ್ಯಾಂಬೋವಾ ಒಂದು ಫೋಟೋ ತೆಗೆದಿದ್ದರು: ಅವರದೇ ಗುಂಪಿನ ಪ್ಯಾಟ್ಸಿ ವಾಲ್ಡೆಸ್ ಮೇಲಿನ ಕಟಾಂಜನಕ್ಕೆ ಒರಗಿ ನಿಂತಿದ್ದಾರೆ, ಕೆಳಗೆ ಆ ಹೆಸರುಗಳಿವೆ. 2011ರಲ್ಲಿ ಅದೇ ಸಂಗ್ರಹಾಲಯ 'ಆಸ್ಕೋ' ಎಂಬ ಈ ಗುಂಪಿನ ಕೆಲಸದ ಕುರಿತು ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತು.

ಕೊಪ್ಪಳದಲ್ಲಿ ಕುಳಿತು ನಾನು ಈ ಇತಿಹಾಸವನ್ನು ಇಷ್ಟು ಆಸ್ಥೆಯಿಂದ ಓದಲು ಕಾರಣವಿದೆ. ಮೆಕ್ಸಿಕೋ ಯುದ್ಧದಲ್ಲಿ ಸೋತು, 1848ರ ಒಪ್ಪಂದದಲ್ಲಿ ತನ್ನ ನೆಲದ ಅರ್ಧದಷ್ಟನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ವಾಸವಿದ್ದವರು ಮನೆ ಬಿಟ್ಟು ಕದಲದೆಯೇ ಬೇರೊಂದು ದೇಶದವರಾದರು. ಅವರ ವಂಶಸ್ಥರೂ ನಂತರ ವಲಸೆ ಬಂದ ಮೆಕ್ಸಿಕನ್ನರ ಮಕ್ಕಳೂ 1960ರ ದಶಕದ ಹಕ್ಕಿನ ಹೋರಾಟಗಳಲ್ಲಿ ತಮ್ಮನ್ನು ಚಿಕಾನೋ ಎಂದು ಕರೆದುಕೊಂಡರು. ನಮ್ಮ ಭಾಗವೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಎರಡೂ ಒಂದೇ ಬಗೆಯ ಇತಿಹಾಸವೆಂದು ನಾನು ಹೇಳಲಾರೆ. ಅಲ್ಲಿನ ಜನಾಂಗಭೇದದ ನೋವು ಬೇರೆಯದೇ. ಆದರೂ ರಾಜಧಾನಿಯಿಂದ ದೂರದಲ್ಲಿರುವ ಸೀಮೆಯ ಕಥೆಯನ್ನು ಬೇರೆಯವರೇ ಬರೆಯುವುದೆಂದರೇನು ಎಂಬುದು ನಮಗೂ ಗೊತ್ತು.

ಚಿಕಾನೋ ಕಲಾವಿದರಲ್ಲಿ ನಾನು ಬಹುವಾಗಿ ಮೆಚ್ಚುವುದು ಅವರು ಸಂಗ್ರಹಾಲಯದ ಬಾಗಿಲು ತಟ್ಟುತ್ತಲೇ ತಮ್ಮ ಜಾಗಗಳನ್ನೂ ಕಟ್ಟಿಕೊಂಡ ರೀತಿಯನ್ನು. ಸ್ಯಾನ್ ಡಿಯಾಗೋ ನಗರದ ಬ್ಯಾರಿಯೋ ಲೋಗನ್ ಬಡಾವಣೆಯ ನಡುವೆ ಹೆದ್ದಾರಿ ಮತ್ತು ದೊಡ್ಡ ಸೇತುವೆ ಹಾದುಹೋಗಿ ಸಾವಿರಾರು ಜನ ನೆಲೆ ಕಳೆದುಕೊಂಡಿದ್ದರು. ಆ ಸೇತುವೆಯ ಅಡಿಯಲ್ಲಿ ಉದ್ಯಾನ ಬರುವುದೆಂದು ನಂಬಿದ್ದ ಜಾಗದಲ್ಲಿ ಗಸ್ತು ಪೊಲೀಸರ ಠಾಣೆ ಕಟ್ಟಲು ಬುಲ್ಡೋಜರ್ ಬಂದಾಗ, 1970ರ ಏಪ್ರಿಲ್ 22ರಂದು ನಿವಾಸಿಗಳು ಅಲ್ಲಿಗೆ ನುಗ್ಗಿ ನೆಲ ಅಗೆದು ಗಿಡ ನೆಟ್ಟರು. 1973ರಿಂದ ಸೇತುವೆಯ ಕಾಂಕ್ರೀಟ್ ಕಂಬಗಳ ಮೇಲೆ ಚಿತ್ರಗಳು ಮೂಡತೊಡಗಿದವು. ಬಡಾವಣೆಯನ್ನು ಸೀಳಿದ ಕಂಬಗಳೇ ಅದರ ಇತಿಹಾಸ ಹೇಳುವಂತಾದವು, ಮತ್ತು 2016ರಲ್ಲಿ ಅಮೆರಿಕ ಸರ್ಕಾರವೇ ಚಿಕಾನೋ ಪಾರ್ಕ್ ಎಂದು ಹೆಸರಾದ ಆ ಜಾಗವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಿತು.

ಇತ್ತ ಬಾಗಿಲು ತಟ್ಟಿದ್ದೂ ವ್ಯರ್ಥವಾಗಲಿಲ್ಲ. 1974ರಲ್ಲಿ 'ಲಾಸ್ ಫೋರ್' ಎಂಬ ನಾಲ್ವರ ಗುಂಪಿಗೆ ಲಾಸ್ ಏಂಜಲೀಸಿನ ಅದೇ ಸಂಗ್ರಹಾಲಯದಲ್ಲಿ ಪ್ರದರ್ಶನ ದೊರೆಯಿತು. 1990ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಗ್ಯಾಲರಿಯಲ್ಲಿ ಆರಂಭವಾಗಿ ಡೆನ್ವರ್, ವಾಷಿಂಗ್ಟನ್, ಸ್ಯಾನ್ ಆಂಟೋನಿಯೋ ಮುಂತಾದ ಊರುಗಳನ್ನು ಸುತ್ತಿದ 'ಕಾರಾ' ('ಚಿಕಾನೋ ಕಲೆ: ಪ್ರತಿರೋಧ ಮತ್ತು ದೃಢೀಕರಣ' ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಪ್ರದರ್ಶನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಯಾವ ಕೃತಿಗಳನ್ನು ಇಡಬೇಕು, ಅವುಗಳ ಇತಿಹಾಸವನ್ನು ಹೇಗೆ ಹೇಳಬೇಕು ಎಂಬ ನಿರ್ಣಯದಲ್ಲಿ ಚಿಕಾನೋ ಕಲಾವಿದರೂ ವಿದ್ವಾಂಸರೂ ಸಮಿತಿಗಳ ಮೂಲಕ ಪಾಲ್ಗೊಂಡಿದ್ದರು. 2022ರಲ್ಲಿ ರಿವರ್‌ಸೈಡ್ ನಗರದ ಹಳೆಯ ಸಾರ್ವಜನಿಕ ಗ್ರಂಥಾಲಯದ ಕಟ್ಟಡದಲ್ಲಿ ಚಿಕಾನೋ ಕಲೆಗೆಂದೇ 'ದಿ ಚೀಚ್' ಕೇಂದ್ರ ತೆರೆಯಿತು.

ಈಗ ನಮ್ಮ ಜಿಲ್ಲೆಯ ಕಿನ್ನಾಳಕ್ಕೆ ಬರುತ್ತೇನೆ. ಇಲ್ಲಿ ಗೊಂಬೆ ಮಾಡುವ ಚಿತ್ರಗಾರ ಮನೆತನದವರು ಹಗುರ ಮರದ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿನಾರಿನ ಪುಡಿ, ಮರದ ಹೊಟ್ಟು ಮತ್ತು ಅದೇ ಅಂಟನ್ನು ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಅದನ್ನು ಕೈಯಿಂದಲೇ ಮೈತುಂಬ ಮೆತ್ತಿ, ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ನುಣ್ಣನೆಯ ಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣದ ಸರದಿ. ಗರುಡನ ಕೊರಳಿನ ಉಬ್ಬು ಆಭರಣವೂ ಕಲ್ಲಿನ ಪುಡಿಯದ್ದೇ. ಇಷ್ಟು ಶ್ರಮದ ಗೊಂಬೆಯೊಂದನ್ನು ಮಹಾನಗರದ ಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದೇನೆ. ಫಲಕದಲ್ಲಿ 'ಜನಪದ ಕಲೆ, ಕರ್ನಾಟಕ' ಎಂದಷ್ಟೇ ಇತ್ತು. ಅಕ್ಕಪಕ್ಕದ ಕೋಣೆಗಳ ತೈಲಚಿತ್ರಗಳಿಗೆಲ್ಲ ಕಲಾವಿದರ ಹೆಸರು, ಹುಟ್ಟಿದ ವರ್ಷ ಇದ್ದವು. ಮಾಡಿದವರ ಹೆಸರು ಕಲೆಹಾಕುವುದು ಕಷ್ಟವೆಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಕಿನ್ನಾಳದ ಓಣಿಯಲ್ಲಿ ಗೊಂಬೆಯನ್ನು ತೋರಿಸಿದರೆ ಕಣ್ಣಿನ ರೇಖೆ ನೋಡಿಯೇ ಅದು ಯಾರ ಮನೆಯದೆಂದು ಗುರುತಿಸುವ ಹಿರಿಯರಿದ್ದಾರೆ.

ತೊಗಲುಗೊಂಬೆಯ ಮಾತೂ ಹೀಗೆಯೇ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಸಂಭ್ರಮಿಸಿತು, ಅದು ನ್ಯಾಯವೇ. ಆದರೆ ಒಬ್ಬರ ಹೆಸರು ಬೆಳಕಿಗೆ ಬಂದಾಗ, ಚರ್ಮ ಹದಮಾಡಿದವರು, ರಂಧ್ರ ಕೊರೆದವರು, ಪರದೆಯ ಹಿಂದೆ ಹಾಡಿದವರು ಯಾರೆಂದು ಕೇಳುವ ಅಭ್ಯಾಸವೂ ನಮಗೆ ಬರಬೇಕಿತ್ತು.

ಕೊಪ್ಪಳದಲ್ಲಿ ನಮ್ಮ ಸೀಮೆಯ ಕಲೆಗೊಂದು ಪ್ರದರ್ಶನ ಏರ್ಪಟ್ಟರೆ, ಪೂರ್ಣಗೊಂಡ ಗರುಡನ ಪಕ್ಕದಲ್ಲಿ ಬರಿ ಮರದ ಗರುಡ, ಕಿಟ್ಟ ಮೆತ್ತಿದ ಗರುಡ, ಬಿಳಿ ಲೇಪದ ಗರುಡ ಇರಲಿ. ಯಾವ ಮನೆತನದ ಯಾವುದನ್ನು ಇಡಬೇಕೆಂದು ಚಿತ್ರಗಾರರೂ ಶಿಳ್ಳೇಕ್ಯಾತರೂ ಕುಳಿತು ತೀರ್ಮಾನಿಸಲಿ, ಕಾರಾ ಸಮಿತಿಗಳಲ್ಲಿ ಚಿಕಾನೋಗಳು ಕುಳಿತಂತೆ. ಅವರಿಗೆ ಆ ದಿನಗಳ ಕೂಲಿಯನ್ನೂ ಆಯೋಜಕರು ಕೊಡಬೇಕು. ಫಲಕದ ಮೊದಲ ಸಾಲಿನಲ್ಲಿ ಮಾಡಿದವರ ಹೆಸರು, ಎರಡನೆಯದರಲ್ಲಿ ಕಲಿಸಿದವರ ಹೆಸರು ಬರಲಿ. ಶೈಲಿ, ಕಾಲ, ಜಿಲ್ಲೆಗಳ ವಿವರ ಆಮೇಲೆ.