ಬಡ್ಡಿಯ ಕ್ಯಾಲೆಂಡರಿನಲ್ಲಿ ಆಷಾಢಕ್ಕೆ ರಜೆಯಿಲ್ಲ

ಬನಶಂಕರಿ ಎರಡನೇ ಹಂತದಲ್ಲಿ, 1990ರ ದಶಕದಲ್ಲಿ ಕಟ್ಟಿದ ಹನ್ನೆರಡು ಮನೆಗಳ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿದ್ದ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು 2025ರ ಜನವರಿಯಲ್ಲಿ 72 ಲಕ್ಷ ರೂಪಾಯಿಗೆ ಕೊಂಡು, ದುರಸ್ತಿ ಮಾಡಿಸಿ, ಡಿಸೆಂಬರ್ ಮೊದಲ ವಾರದಲ್ಲಿ 95 ಲಕ್ಷಕ್ಕೆ ಮಾರಿದೆ. ಇದನ್ನು ಕೇಳಿದ ಸ್ನೇಹಿತರೆಲ್ಲರೂ ಥಟ್ಟನೆ 23 ಲಕ್ಷದ ಲೆಕ್ಕ ಹಾಕುತ್ತಾರೆ. ನನ್ನ ಕೈಯಲ್ಲಿ ಉಳಿದದ್ದು, ಅದೂ ತೆರಿಗೆಗೆ ಮುನ್ನ, ಎರಡೂಕಾಲು ಲಕ್ಷ. ಮಿಕ್ಕ ಹಣ ಎಲ್ಲಿ ಸೋರಿತು ಎಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಪೆಟ್ಟು ಸಾಲ ಪಡೆಯುವಾಗಲೇ ಬಿದ್ದಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ. 80ರಷ್ಟನ್ನು ಮಾತ್ರ ಕೊಡಬಹುದು. ನಾನು 72 ಲಕ್ಷಕ್ಕೆ ಶೇ. 80 ಎಂದು ಹಿಡಿದು 57.6 ಲಕ್ಷ ಬರುತ್ತದೆಂದು ನಂಬಿ ಕುಳಿತಿದ್ದೆ. ಬ್ಯಾಂಕಿನಿಂದ ಬಂದ ಮೌಲ್ಯಮಾಪಕರು ಕಟ್ಟಡದ ವಯಸ್ಸು ನೋಡಿ 67.5 ಲಕ್ಷವೆಂದು ಬರೆದರು. ಕರಾರಿನ ಬೆಲೆ ಮತ್ತು ಮೌಲ್ಯಮಾಪನ ಇವೆರಡರಲ್ಲಿ ಕಡಿಮೆಯಿರುವುದನ್ನೇ ಬ್ಯಾಂಕು ಪರಿಗಣಿಸುವುದರಿಂದ ಸಾಲ 54 ಲಕ್ಷಕ್ಕೆ ಇಳಿಯಿತು. ಹಳೆಯ ಕಟ್ಟಡವನ್ನೇ ಹುಡುಕಿಕೊಂಡು ಹೋಗುವ ನಮ್ಮಂಥವರಿಗೆ ಇದು ಪ್ರತಿ ಸಲವೂ ಎದುರಾಗುವ ಸಂಗತಿ. ಮುದ್ರಾಂಕ ಶುಲ್ಕಕ್ಕಾಗಲಿ ನೋಂದಣಿಗಾಗಲಿ ಸಾಲ ಸಿಗುವುದಿಲ್ಲ. 45 ಲಕ್ಷ ದಾಟಿದ ಆಸ್ತಿಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ಆಗ ಇದ್ದ ಶೇ. 1ರ ನೋಂದಣಿ ಶುಲ್ಕ ಸೇರಿ ಒಟ್ಟು 4.75 ಲಕ್ಷ. ಮನೆಗೆ ಒಂದು ಮೊಳೆ ಹೊಡೆಯುವ ಮೊದಲೇ ನನ್ನ ಸ್ವಂತದ ಸುಮಾರು 24 ಲಕ್ಷ ಅದರೊಳಗೆ ಹೋಗಿತ್ತು.

ದುರಸ್ತಿಗೆ ಏಳು ಲಕ್ಷ ಮತ್ತು ಎರಡು ತಿಂಗಳು ಸಾಕೆಂದು ಮೇಸ್ತ್ರಿ ಹೇಳಿದ್ದರು. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ; ಗೋಡೆಯೊಳಗೆ ಏನಿದೆಯೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು? ಬಚ್ಚಲುಮನೆಯ ಟೈಲ್ಸ್ ಕಿತ್ತ ದಿನ ಪ್ಲಂಬರ್ ಜಿಐ ಪೈಪಿನ ಮೊಣಕೈಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ್ದೇ ತಡ, ಒಳಗಿನಿಂದ ತುಕ್ಕು ಕಾಫಿ ಫಿಲ್ಟರಿನ ಗಸಿಯ ಹಾಗೆ ಉದುರಿತು. ಅಡುಗೆಮನೆಗೆ ಹೋಗುವ ಪೈಪೂ ಅದೇ ಸ್ಥಿತಿಯಲ್ಲಿತ್ತು. ಮಾರನೆಯ ದಿನ ಕೆಳಗಿನ ಮನೆಯ ಆಂಟಿ ಮೊಬೈಲ್ ಹಿಡಿದು ಮೇಲೆ ಬಂದು, ಅವರ ಬಚ್ಚಲಿನ ತಾರಸಿಯಲ್ಲಿ ಹರಡಿದ್ದ ತೇವದ ಕಲೆಯನ್ನು ತೋರಿಸಿ, "ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ, ಈಗ ನೀವಾದ್ರೂ ಸರಿ ಮಾಡ್ಸಿ" ಎಂದರು. ಹಳೆಯ ಮಾಲೀಕರು ಈ ಮಾತನ್ನು ನನಗೆ ಹೇಳಿರಲಿಲ್ಲ. ನಾನೂ ಕೊಳ್ಳುವ ಮುನ್ನ ಕೆಳಗಿನ ಮನೆಯ ಬಾಗಿಲು ತಟ್ಟಿರಲಿಲ್ಲ. ಈಗ ಯಾವುದೇ ಫ್ಲ್ಯಾಟ್ ನೋಡಲು ಹೋದರೂ ಮೊದಲು ಕೆಳಗಿನ ಮನೆಯವರನ್ನು ಮಾತನಾಡಿಸುತ್ತೇನೆ. ಹತ್ತು ನಿಮಿಷದ ಆ ಮಾತುಕತೆ ಅಂದು ನಡೆದಿದ್ದರೆ ನಾನು ಬೆಲೆಯಲ್ಲಿ ಕನಿಷ್ಠ ಎರಡು ಲಕ್ಷ ಇಳಿಸಿ ಕೇಳಬಹುದಿತ್ತು.

ಪೈಪುಗಳೆಲ್ಲವನ್ನೂ ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿ, ಕೆಳಗಿನವರ ತಾರಸಿಗೂ ಬಣ್ಣ ಬಳಿಸಿಕೊಟ್ಟೆವು. ಅಸೋಸಿಯೇಷನ್ನಿನ ನಿಯಮದಂತೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಕೆಲಸ, ಭಾನುವಾರ ಸದ್ದು ಮಾಡುವಂತಿಲ್ಲ, ಲಿಫ್ಟಿನಲ್ಲಿ ಮರಳಿನ ಚೀಲ ಒಯ್ಯುವಂತಿಲ್ಲ. ಯುಗಾದಿಗೆ ಯಾದಗಿರಿಯ ಕಡೆಗೆ ಹೊರಟ ಗಾರೆಯವರು ಊರ ಜಾತ್ರೆಯನ್ನೂ ಮುಗಿಸಿಕೊಂಡು ಬಂದರು. ಜಿಗಣಿಯಲ್ಲಿ ಆರಿಸಿಟ್ಟು ಬಂದಿದ್ದ ಗ್ರಾನೈಟ್ ಬದಲು ಬೇರೆಯದೇ ಬಂತು. ಅಂತೂ ಕೆಲಸ ಮುಗಿದಾಗ ಜೂನ್ ಅರ್ಧ ಕಳೆದಿತ್ತು, ಖರ್ಚು 9.4 ಲಕ್ಷಕ್ಕೆ ಬಂದು ನಿಂತಿತ್ತು.

ಸಾಲದ ಮೇಲೆ ಸರಾಸರಿ ಶೇ. 8.5ರಂತೆ ತಿಂಗಳಿಗೆ ಬಡ್ಡಿಯೇ 38,000 ರೂಪಾಯಿಯ ಮೇಲೆ, ಅಂದರೆ ದಿನಕ್ಕೆ 1,250ಕ್ಕೂ ಹೆಚ್ಚು. ಇಎಂಐ ಹೋಗುವ ದಿನ ಮಾತ್ರ ನಮಗೆ ಇದು ನೆನಪಾಗುತ್ತದೆ. ಗ್ರಾನೈಟಿಗಾಗಿ ಒಂದು ವಾರ ಕಾದಾಗ ಒಂಬತ್ತು ಸಾವಿರ ಕಳೆದುಕೊಂಡೆವೆಂದು ಯಾರಿಗೂ ಅನ್ನಿಸುವುದಿಲ್ಲ. ನಾನು ಮಾಡಿದ ಇನ್ನೊಂದು ತಪ್ಪೆಂದರೆ ಖಾತೆ ಬದಲಾವಣೆಯನ್ನು, ಅಂದರೆ ಪಾಲಿಕೆಯ ಆಸ್ತಿ ದಾಖಲೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವುದನ್ನು, ದುರಸ್ತಿ ಮುಗಿಯುವವರೆಗೆ ಮುಂದೂಡಿದ್ದು. ಆ ದಾಖಲೆಯ ಡಿಜಿಟಲ್ ರೂಪವಾದ ಇ-ಖಾತೆಯಿಲ್ಲದೆ ಈಗ ನೋಂದಣಿಯಾಗದು. ನನ್ನ ಕ್ರಯಪತ್ರದಲ್ಲಿ ತಂದೆಯವರ ಹೆಸರು ಪೂರ್ತಿಯಾಗಿಯೂ ಆಧಾರಿನಲ್ಲಿ ಇನಿಷಿಯಲ್ ಆಗಿಯೂ ಇದ್ದುದರಿಂದ ಅದು ಸರಿಹೋಗಲು ಆರು ವಾರ ಹಿಡಿಯಿತು. ಫೆಬ್ರುವರಿಯಲ್ಲಿ, ಮೇಸ್ತ್ರಿ ಗೋಡೆ ಒಡೆಯುತ್ತಿದ್ದಾಗಲೇ, ಈ ಕೆಲಸವೂ ಪಕ್ಕದಲ್ಲಿ ನಡೆಯಬಹುದಿತ್ತು.

ಅಷ್ಟರಲ್ಲಿ ಆಷಾಢ ಬಂತು. ನೋಡಲು ಬಂದವರೆಲ್ಲ ಮನೆ ಮೆಚ್ಚಿ, "ಶ್ರಾವಣ ಬರಲಿ ಸಾರ್" ಎಂದು ಹೇಳಿ ಹೋದರು. ಶ್ರಾವಣದಲ್ಲಿ 96 ಲಕ್ಷಕ್ಕೆ ಮಾತಾಯಿತು; ಅಡ್ವಾನ್ಸ್ ಗೌರಿ-ಗಣೇಶ ಮುಗಿದ ಮೇಲೆ ಎಂದರು. ಆಗಸ್ಟ್ 31ರಿಂದ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿತು. ಕೊಳ್ಳುವವರಿಗೆ ಒಮ್ಮೆಲೇ 96,000 ರೂಪಾಯಿ ಹೆಚ್ಚಾಯಿತು. ಅದನ್ನು ನಾನು ಬೆಲೆಯಲ್ಲಿ ಬಿಟ್ಟುಕೊಡಬೇಕೆಂದು ಅವರು ಪಟ್ಟು ಹಿಡಿದರು, ಇನ್ನೊಬ್ಬರನ್ನು ಹುಡುಕುವ ಬಡ್ಡಿಯನ್ನು ಲೆಕ್ಕ ಹಾಕಿ ನಾನು ಬಿಟ್ಟುಕೊಟ್ಟೆ. ಪಿತೃಪಕ್ಷ ಕಳೆದು ನವರಾತ್ರಿಯಲ್ಲಿ ಕರಾರಾಯಿತು. ಆಮೇಲೆ ಅವರ ಬ್ಯಾಂಕಿನ ವಕೀಲರು, ನನ್ನ ಬ್ಯಾಂಕಿನ ಸಾಲ ತೀರುವಳಿ ಪತ್ರ, ಮೂಲ ದಾಖಲೆಗಳ ಪಟ್ಟಿ ಎಂದು ಎರಡು ತಿಂಗಳು ಸಂದವು. ಧನುರ್ಮಾಸಕ್ಕೆ ಮುನ್ನ ನೋಂದಣಿಯಾದದ್ದೇ ಪುಣ್ಯ. ಬದಲಾಗುವ ಬಡ್ಡಿದರದ ಗೃಹಸಾಲವಾದ್ದರಿಂದ ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡವಿರಲಿಲ್ಲ. ಇಡೀ ವ್ಯವಹಾರದಲ್ಲಿ ನನಗೆ ಅನುಕೂಲವಾಗಿ ಒದಗಿದ ನಿಯಮ ಅದೊಂದೇ.

ಹನ್ನೊಂದು ತಿಂಗಳ ಬಡ್ಡಿ 4.2 ಲಕ್ಷ, ಎರಡೂ ಕಡೆ ಶೇ. 1ರಂತೆ ಬ್ರೋಕರ್ ಕಮಿಷನ್ 1.67 ಲಕ್ಷ, ಮೆಂಟೇನೆನ್ಸ್ 33,000, ವಕೀಲರು ಮತ್ತು ಸಾಲದ ಪ್ರೊಸೆಸಿಂಗ್ 40,000. ನಾನು ತೊಡಗಿಸಿದ್ದ ಸುಮಾರು 33 ಲಕ್ಷವನ್ನು ಶೇ. 7ರ ಎಫ್‌ಡಿಯಿಂದ ತೆಗೆಯದೆ ಬಿಟ್ಟಿದ್ದರೂ ಅಷ್ಟೇ ತಿಂಗಳಲ್ಲಿ 2 ಲಕ್ಷದ ಮೇಲೆ ಬರುತ್ತಿತ್ತು. 24 ತಿಂಗಳೊಳಗೆ ಮಾರಿದ ಆಸ್ತಿಯ ಲಾಭ ಅಲ್ಪಾವಧಿಯದೆನಿಸಿ ನನ್ನ ವರಮಾನದ ಸ್ತರದ ದರದಲ್ಲೇ ತೆರಿಗೆಗೆ ಒಳಪಡುತ್ತದೆ, ಆ ಅವಧಿ ದಾಟಿದ್ದರೆ ಶೇ. 12.5, ಆದರೆ ಅಲ್ಲಿಯವರೆಗೆ ಬಡ್ಡಿ ಕಟ್ಟುತ್ತಾ ಕೂರುವುದು ಹೇಗೆ? ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಅದನ್ನು ವ್ಯಾಪಾರದ ವರಮಾನವೆಂದೇ ಇಲಾಖೆ ನೋಡಬಹುದೆಂದು ಆಡಿಟರ್ ಎಚ್ಚರಿಸಿದ್ದಾರೆ.

ಕಳೆದ ವಾರ ರಾಜಾಜಿನಗರದಲ್ಲಿ ಇನ್ನೊಂದು ಹಳೆಯ ಫ್ಲ್ಯಾಟ್ ನೋಡಿ ಬಂದೆ. ದುರಸ್ತಿಯಾದರೆ 98 ಲಕ್ಷಕ್ಕೆ ಹೋಗಬಹುದು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ, ಹನ್ನೆರಡು ತಿಂಗಳ ಬಡ್ಡಿ, ಶೇ. 7.6ರ ಶುಲ್ಕ, ಪೈಪುಗಳೆಲ್ಲ ಕೊಳೆತಿವೆಯೆಂದೇ ಹಿಡಿದ ದುರಸ್ತಿ ಖರ್ಚು, ನನಗೆ ಉಳಿಯಬೇಕಾದ ಲಾಭ ಎಲ್ಲವನ್ನೂ ಕಳೆದರೆ 68 ಲಕ್ಷದ ಮೇಲೆ ಒಂದು ರೂಪಾಯಿ ಕೊಡುವಂತಿಲ್ಲ. ಮಾಲೀಕರು 80 ಹೇಳುತ್ತಿದ್ದಾರೆ. "ನೀವು ಬಿಟ್ರೆ ನಾಳೆ ಇನ್ನೊಬ್ರು ತಗೋತಾರೆ ಸಾರ್" ಎಂದರು ಬ್ರೋಕರ್. ತಗೊಳ್ಳಲಿ ಬಿಡಿ ಎಂದು ಹೇಳಿ, ಕೆಳಗಿನ ಮನೆಯವರು ಕೊಟ್ಟ ಕಾಫಿ ಕುಡಿದು ಬಂದೆ.